ನಾಯಿ ಎದುರಾದಾಗ: ಒಡೆಯರ ಹೊಣೆ, ನಮ್ಮ ನಡತೆ

ಫಜ್ರ್ ನಮಾಝ್ ಮುಗಿಸಿ ಉಣಕಲ್ ಕೆರೆಯ ಕಡೆಗೋ, ಧಾರವಾಡದಲ್ಲಾದರೆ ಕೆಲಗೇರಿ ಕೆರೆಯ ಕಡೆಗೋ ನಡೆಯಲು ಹೊರಟವರಿಗೆ ಸಾಕುನಾಯಿಗಳು ಎದುರಾಗುವುದು ಈಗ ಸಾಮಾನ್ಯ. ಮೊದಲು ನಮ್ಮ ಸೀಮೆಯಲ್ಲಿ ನಾಯಿ ಎಂದರೆ ಹೊಲದ ಕಾವಲಿನದು, ಕುರಿಹಿಂಡಿನ ಜೊತೆಗಿರುವುದು, ಇಲ್ಲವೇ ಬೀದಿಯದು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಬೇಟೆಗೆ ಹೆಸರಾದದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರತಂದಿತು. ಈಗ ಕಾಲ ಬದಲಾಗಿದೆ. ಅಪಾರ್ಟ್‌ಮೆಂಟಿನ ಲಿಫ್ಟು, ಉದ್ಯಾನ, ಅಂಗಡಿಯ ಮೆಟ್ಟಿಲು, ಎಲ್ಲೆಡೆಗೂ ನಾಯಿ ತನ್ನ ಒಡೆಯರ ಜೊತೆ ಬರುತ್ತದೆ.

ತಕರಾರು ಹುಟ್ಟುವುದು ಇಲ್ಲಿಯೇ. ನಾಯಿ ಮೈಮೇಲೆ ಬಂದಾಗ ಒಡೆಯರು "ಅದು ಏನೂ ಮಾಡಂಗಿಲ್ರೀ" ಎಂದು ನಗುತ್ತಾರೆ. ಎದುರಿನವರು "ನಮಾಝಿನ ಬಟ್ಟೆ ಕೆಡ್ತಲ್ರೀ" ಎಂದು ಸಿಡುಕುತ್ತಾರೆ. ನೆರೆಹೊರೆಯವರ ನಡುವೆ ಮಾತು ನಿಂತುಹೋಗಲು ಇಷ್ಟೇ ಸಾಕು. ಎರಡೂ ಕಡೆಯವರಿಗೆ ಕೆಲವು ಮರ್ಯಾದೆಗಳಿವೆ. ಆದರೆ ಅವನ್ನು ಹೇಳುವ ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಅಶುದ್ಧಿಯ ಪ್ರಶ್ನೆ ಬೇರೆ, ರೋಗದ ಪ್ರಶ್ನೆ ಬೇರೆ. ನಮ್ಮ ಅನೇಕ ಮನೆಗಳಲ್ಲಿ ಇವೆರಡೂ ಕಲಸಿಹೋಗಿವೆ. ಅದರಿಂದ ಕೆಲವೊಮ್ಮೆ ಭಯಪಡಬೇಕಿಲ್ಲದಲ್ಲಿ ಭಯಪಡುತ್ತೇವೆ, ಓಡಬೇಕಾದಲ್ಲಿ ಸುಮ್ಮನೆ ಕೂರುತ್ತೇವೆ.

ಶುದ್ಧಿಯ ವಿಷಯ

ನಾಯಿಯನ್ನು ದ್ವೇಷಿಸಲು ಧರ್ಮ ಕಲಿಸಿಲ್ಲ. ಬೇಟೆ, ಕುರಿ ಕಾಯುವುದು, ಹೊಲದ ಕಾವಲು, ಇವಕ್ಕೆ ನಾಯಿ ಸಾಕಲು ಅನುಮತಿ ಇರುವುದು ಹದೀಸ್‌ಗಳಿಂದ ತಿಳಿಯುತ್ತದೆ. ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಗುಹೆಯ ಯುವಕರ ಜೊತೆ ಅವರ ನಾಯಿಯ ಉಲ್ಲೇಖವೂ ಇದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನಿಗೆ ಕ್ಷಮೆ ದೊರೆತ ವೃತ್ತಾಂತ ನಮ್ಮ ಮಕ್ಕಳಿಗೂ ಗೊತ್ತು.

ಶುದ್ಧಿಯ ನಿಯಮದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಹುಬ್ಬಳ್ಳಿ-ಧಾರವಾಡದ ಹೆಚ್ಚಿನ ಕುಟುಂಬಗಳು ಹನಫಿಗಳು. ಹನಫಿಗಳ ಪ್ರಬಲ ಅಭಿಪ್ರಾಯದಂತೆ ಅಶುದ್ಧವಾದುದು ನಾಯಿಯ ಜೊಲ್ಲು. ಅದರ ಮೈ ತಾಗಿದ ಮಾತ್ರಕ್ಕೆ ಬಟ್ಟೆ ಕೆಡುವುದಿಲ್ಲ. ಕರಾವಳಿಯ ಭಟ್ಕಳ, ಮಂಗಳೂರು ಕಡೆಯ ಶಾಫಿಈ ಕುಟುಂಬಗಳಿಗೆ ನಿಯಮ ಹೆಚ್ಚು ಬಿಗಿ. ನಾಯಿಯ ಯಾವ ಭಾಗವೇ ಆಗಲಿ ತೇವದೊಂದಿಗೆ ತಾಗಿದರೆ ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಂದು ಬಾರಿ ಮಣ್ಣು ಬೆರೆಸಿದ ನೀರಿನಿಂದ. ಆದರೆ ಎರಡೂ ಒಣಗಿದ್ದರೆ ಅವರಲ್ಲಿಯೂ ಅಶುದ್ಧಿ ಅಂಟುವುದಿಲ್ಲ. ಅಂದರೆ ಲಿಫ್ಟಿನಲ್ಲಿ ಒಣ ನಾಯಿ ಒಣ ಬಟ್ಟೆಗೆ ಉಜ್ಜಿಕೊಂಡು ಹೋದರೆ ಗಾಬರಿ ಬೇಕಿಲ್ಲ. ಜಗಳವಂತೂ ಬೇಡವೇ ಬೇಡ. ಜೊಲ್ಲು ತಾಗಿದ್ದರೆ ನಿಮ್ಮ ಮದ್‌ಹಬಿನಂತೆ ಆ ಜಾಗವನ್ನು ತೊಳೆಯಿರಿ. ಹೆಚ್ಚಿನ ವಿವರವನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ. ಶುದ್ಧಿಯ ವಿಷಯ ಇಲ್ಲಿಗೆ ಮುಗಿಯಿತು. ರೋಗದ ವಿಷಯ ಇಲ್ಲಿಗೆ ಮುಗಿಯುವುದಿಲ್ಲ.

ರೋಗದ ವಿಷಯ

ರೇಬೀಸ್ ರೋಗಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಗಾಯದ ಮೂಲಕ ಒಳಸೇರಿ, ನರಗಳ ಗುಂಟ ಮೆದುಳಿನ ಕಡೆಗೆ ಸಾಗುತ್ತದೆ. ಸಾಮಾನ್ಯವಾಗಿ ಲಕ್ಷಣ ಕಾಣಲು 2ರಿಂದ 3 ತಿಂಗಳು ಬೇಕು. ಒಂದು ವಾರದಲ್ಲೂ ಕಾಣಬಹುದು, ಒಂದು ವರ್ಷವೂ ಹಿಡಿಯಬಹುದು. ಲಕ್ಷಣ ಕಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇ. 99ರಷ್ಟು ನಾಯಿಗಳಿಂದ ಬರುತ್ತದೆ, ಸಾಯುವವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು.

ಯಾವಾಗ ಹೆದರಬೇಕು, ಯಾವಾಗ ಬೇಡ ಎಂಬುದಕ್ಕೆ ವೈದ್ಯರು ಮೂರು ದರ್ಜೆ ಮಾಡಿದ್ದಾರೆ.

ಒಂದು: ನಾಯಿಯನ್ನು ಮುಟ್ಟಿದ್ದು, ಅದಕ್ಕೆ ಉಣಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು. ಇದಕ್ಕೆ ಲಸಿಕೆ ಬೇಕಿಲ್ಲ, ಕೈ ತೊಳೆದರೆ ಸಾಕು.

ಎರಡು: ರಕ್ತ ಬಾರದ ತರಚು, ಬರಿಮೈಗೆ ಸಣ್ಣಗೆ ಹಲ್ಲು ತಾಗಿದ್ದು. ತೊಳೆಯಬೇಕು, ಲಸಿಕೆಯನ್ನೂ ಹಾಕಿಸಬೇಕು.

ಮೂರು: ಚರ್ಮ ಸೀಳಿದ ಕಡಿತ, ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಅಥವಾ ಬಾಯೊಳಗೆ ಜೊಲ್ಲು ಬಿದ್ದದ್ದು. ತೊಳೆಯುವುದು ಮತ್ತು ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಗಾಯದ ಸುತ್ತ ಚುಚ್ಚಿಸಬೇಕು.

ಶುದ್ಧಿಯ ಲೆಕ್ಕಕ್ಕೂ ರೋಗದ ಲೆಕ್ಕಕ್ಕೂ ಇರುವ ಅಂತರ ಈಗ ಕಾಣುತ್ತದೆ. ಬಟ್ಟೆಯ ಮೇಲೆ ಬಿದ್ದ ಜೊಲ್ಲು ನಮಾಝಿಗೆ ಅಡ್ಡಿ. ಅದರಿಂದ ರೇಬೀಸ್ ಬರುವುದಿಲ್ಲ. ಮಗುವಿನ ಮೊಣಕಾಲಿನ ಹಳೆಯ ಗಾಯವನ್ನು ನಾಯಿ ಒಮ್ಮೆ ನೆಕ್ಕಿದರೆ ಅದು ಮೂರನೆಯ ದರ್ಜೆ. ತಾಯಿ ಬಟ್ಟೆಯನ್ನು ಏಳು ಸಲ ತೊಳೆದು, ಮಗುವಿಗೆ ಸ್ನಾನ ಮಾಡಿಸಿ, ಕೆಲಸ ಮುಗಿಯಿತೆಂದು ಕುಳಿತರೆ ಅಪಾಯ ಹಾಗೆಯೇ ಉಳಿಯಿತು.

ಕಡಿದ ಕೂಡಲೇ ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ಮಣ್ಣು ಹಚ್ಚಬೇಡಿ. ಮಣ್ಣಿನಿಂದ ತೊಳೆಯುವ ಮಾತು ಹದೀಸಿನಲ್ಲಿ ಬಂದಿರುವುದು ನಾಯಿ ಬಾಯಿ ಹಾಕಿದ ಪಾತ್ರೆಯ ಬಗ್ಗೆ. ಗಾಯಕ್ಕೆ ಮಣ್ಣು ಹಾಕಿದರೆ ಧನುರ್ವಾಯುವಿಗೆ ದಾರಿಯಾಗುತ್ತದೆ. ಖಾರದ ಪುಡಿ, ಸುಣ್ಣ, ಅರಿಸಿನ, ಎಣ್ಣೆ ಯಾವುದೂ ಬೇಡ. ನಂತರ ನೇರವಾಗಿ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಜಿಲ್ಲಾ ಆಸ್ಪತ್ರೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ.

ಹೊಟ್ಟೆಗೆ 14 ಸೂಜಿ ಎಂಬುದು ಹಳೆಯ ಕಾಲದ ಮಾತು. ಈಗ ತೋಳಿಗೆ, ಚಿಕ್ಕ ಮಕ್ಕಳಿಗಾದರೆ ತೊಡೆಗೆ. ಸ್ನಾಯುವಿಗೆ ಹಾಕುವ ಕ್ರಮದಲ್ಲಿ ಮೊದಲ ದಿನ, ನಂತರ 3, 7, 14 ಮತ್ತು 28ನೆಯ ದಿನ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 14ನೆಯ ದಿನದ್ದು ಇರುವುದಿಲ್ಲ. ಗಾಯ ಮಾಯಿತೆಂದು ನಡುವೆ ಬಿಡಬಾರದು. ಗರ್ಭಿಣಿಯರೂ ಎದೆಹಾಲು ಉಣಿಸುವವರೂ ಹಾಕಿಸಿಕೊಳ್ಳಬಹುದು. ರಮಝಾನಿನಲ್ಲಿ ಸಂಜೆಯವರೆಗೆ ಕಾಯಬೇಡಿ. ಇಂತಹ ಸೂಜಿಯಿಂದ ಉಪವಾಸ ಮುರಿಯುವುದಿಲ್ಲ ಎಂಬುದೇ ಹೆಚ್ಚಿನ ಉಲಮಾಗಳ ಅಭಿಪ್ರಾಯ.

ಯುನಾನಿ ವೈದ್ಯನಾಗಿ ಒಂದು ಮಾತು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಹುಚ್ಚುನಾಯಿಯ ಕಡಿತದ ಬಗ್ಗೆ ಬರೆದಿದ್ದಾರೆ. ರೋಗಿ ನೀರಿಗೆ ಹೆದರುವ ಲಕ್ಷಣವನ್ನು ಹಳೆಯ ಹಕೀಮರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಈ ರೋಗವನ್ನು ತಡೆಯುವ ದಾರಿ ಸಿಕ್ಕಿದ್ದು 1885ರ ಜುಲೈ 6ರಂದು. ಅಂದು ಲೂಯಿ ಪಾಶ್ಚರ್, ನಾಯಿ ಕಡಿದಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಡಿಸಲು ಆರಂಭಿಸಿದರು, ಹುಡುಗ ಬದುಕಿದ. ನಾಯಿ ಕಡಿದವರು ನನ್ನಲ್ಲಿಗೆ ಮಾಜೂನ್ ಕೇಳಿ ಬಂದರೆ ನಾನು ಕೊಡುವುದು ಸೋಪು, ನೀರು ಮತ್ತು ಆಸ್ಪತ್ರೆಯ ದಾರಿ. ರೇಬೀಸನ್ನು ತಡೆಯುವ ಮದ್ದು ಯುನಾನಿಯಲ್ಲಿ ಇಲ್ಲ. ನಾಟಿ ಮದ್ದಿನಲ್ಲೂ ಇಲ್ಲ, ತಾಯತದಲ್ಲೂ ಇಲ್ಲ.

ನಾಯಿಯ ಒಡೆಯರಿಗೆ

ಕಾವಲಿಗೆಂದು ತೋಟದಲ್ಲೋ ಗೋದಾಮಿನಲ್ಲೋ ನಾಯಿ ಇಟ್ಟುಕೊಂಡವರು ನಮ್ಮಲ್ಲೂ ಇದ್ದಾರೆ. ಎಲ್ಲ ಒಡೆಯರಿಗೂ ಅನ್ವಯಿಸುವ ಮಾತುಗಳು ಇವು:

• ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿ. ಚೀಟಿಯನ್ನು ಜೋಪಾನವಾಗಿಡಿ; ಯಾರಾದರೂ ಕೇಳಿದರೆ ಕೋಪಿಸಿಕೊಳ್ಳದೆ ತೋರಿಸಿ.

• ಮನೆಯ ಹೊರಗೆ ನಾಯಿಯ ಕೊರಳಿಗೆ ಪಟ್ಟಿ, ಪಟ್ಟಿಗೆ ಗಿಡ್ಡ ಹಗ್ಗ, ಹಗ್ಗ ದೊಡ್ಡವರ ಕೈಯಲ್ಲಿ. ದೊಡ್ಡ ನಾಯಿಯನ್ನು ಚಿಕ್ಕ ಹುಡುಗನ ಕೈಗೆ ಕೊಟ್ಟು ಕಳಿಸಬೇಡಿ.

• ಎದುರು ಜನ ಬಂದಾಗ ಹಗ್ಗವನ್ನು ಹತ್ತಿರ ಎಳೆದುಕೊಂಡು ಪಕ್ಕಕ್ಕೆ ಸರಿಯಿರಿ. "ಏನೂ ಮಾಡಂಗಿಲ್ರೀ" ಎನ್ನುವುದು ಉತ್ತರವಲ್ಲ. ಎದುರಿನವರಿಗೆ ನಿಮ್ಮ ನಾಯಿಯ ಸ್ವಭಾವ ಗೊತ್ತಿಲ್ಲ. ಅವರ ನಮಾಝಿನ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಲಿಫ್ಟಿನಲ್ಲಿ ಮೊದಲೇ ಜನರಿದ್ದರೆ ಮುಂದಿನ ಸಲಕ್ಕೆ ಕಾಯಿರಿ.

• ಮಲವನ್ನು ಕಾಗದದಲ್ಲೋ ಚೀಲದಲ್ಲೋ ತೆಗೆದು ಕಸಕ್ಕೆ ಹಾಕಿ. ಇದು ಬರೀ ಅಸಹ್ಯದ ಮಾತಲ್ಲ. ನಾಯಿಯ ಕರುಳಿನ ದುಂಡುಹುಳುವಿನ ಮೊಟ್ಟೆಗಳು ಮಲದೊಂದಿಗೆ ಹೊರಬಂದ ದಿನವೇ ರೋಗ ತರುವುದಿಲ್ಲ. ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ ತರುತ್ತವೆ. ಅಂದಿನ ಮಲ ಅಂದೇ ತೆಗೆದರೆ ಆ ಮಣ್ಣಿನಲ್ಲಿ ಆಡುವ ಮಗು ಸುರಕ್ಷಿತ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದಿಂದಲೇ ಒಳನುಗ್ಗುತ್ತವೆ. ನಾಯಿಗೆ ಜಂತುಹುಳುವಿನ ಔಷಧ ತಪ್ಪಿಸಬೇಡಿ.

• ರೈಲಿನಲ್ಲಿ ನಾಯಿಯನ್ನು ಒಯ್ಯುವುದಿದ್ದರೆ, ಎ.ಸಿ. ಮೊದಲ ದರ್ಜೆಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಿಗೇ ಇರಬೇಕು. ಇಲ್ಲವಾದರೆ ಗಾರ್ಡ್ ಇರುವ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆಯಲ್ಲಿ. ಸ್ಲೀಪರ್ ಬೋಗಿಯಲ್ಲಿ ಸೀಟಿನ ಕೆಳಗೆ ಅಡಗಿಸಿ ಒಯ್ಯುವುದು ಸಲ್ಲದು.

• ನಿಮ್ಮ ನಾಯಿ ಯಾರಿಗಾದರೂ ಕಚ್ಚಿದರೆ ತಪ್ಪಿಸಿಕೊಳ್ಳಬೇಡಿ. ಲಸಿಕೆಯ ಚೀಟಿ ತೋರಿಸಿ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ನಾಯಿಯನ್ನು 10 ದಿನ ಕಟ್ಟಿಹಾಕಿ ಗಮನಿಸಿ. ಕಡಿಸಿಕೊಂಡವರು ಆ 10 ದಿನ ಕಾಯುವಂತಿಲ್ಲ, ಅಂದೇ ಲಸಿಕೆ ಆರಂಭಿಸಬೇಕು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಾಯಿ ಸಾಕದವರಿಗೆ

ನಾಯಿಯನ್ನು ಕಂಡ ಕೂಡಲೇ ಕಲ್ಲೆತ್ತುವುದು, ಹಚಾ ಎಂದು ಕೂಗುವುದು, ಓಡುವುದು, ಈ ಮೂರೂ ಕಡಿತವನ್ನು ಕರೆಯುವ ಕೆಲಸಗಳು. ಓಡುವುದನ್ನು ಅಟ್ಟುವುದು ನಾಯಿಯ ಸ್ವಭಾವ. ನಾಯಿ ಹತ್ತಿರ ಬಂದರೆ ಕೈಗಳನ್ನು ಮೈಗೆ ಸೇರಿಸಿ ಮರದಂತೆ ನಿಲ್ಲಲು ಮಕ್ಕಳಿಗೆ ಕಲಿಸಿ. ಅದರ ಕಣ್ಣಿಗೆ ಕಣ್ಣಿಟ್ಟು ನೋಡಬಾರದು. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ಒಡೆಯರನ್ನು ಕೇಳದೆ ಯಾರ ನಾಯಿಯನ್ನೂ ಮುಟ್ಟಬಾರದು.

ಒಡೆಯರಿಗೆ ಹೇಳಬೇಕಾದುದನ್ನು ಮೆತ್ತಗೆ ಹೇಳಿ. "ಅಣ್ಣಾರ, ನಾವು ನಮಾಝಿಗೆ ಹೊಂಟೇವ್ರಿ, ಸ್ವಲ್ಪ ಹಗ್ಗ ಎಳಕೋರಿ" ಎಂದರೆ ಹೆಚ್ಚಿನವರು ತಾವಾಗಿಯೇ ಸರಿಯುತ್ತಾರೆ. ಕಾರಣ ಗೊತ್ತಾದರೆ ಗೌರವ ಬರುತ್ತದೆ. ಮುಖ ಸಿಂಡರಿಸಿದರೆ ನಮ್ಮ ಧರ್ಮಕ್ಕೆ ಪ್ರಾಣಿ ಎಂದರೆ ಆಗದು ಎಂದು ತಿಳಿಯುತ್ತಾರೆ.

ಬಕ್ರೀದಿನ ತ್ಯಾಜ್ಯ

ನಾಯಿಗಳ ಬಗ್ಗೆ ದೂರುವ ನಾವೇ ಅವಕ್ಕೆ ರೋಗ ಹಂಚುವುದೂ ಉಂಟು. ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅವುಗಳಲ್ಲಿ ಒಂದು ಬಗೆಯ ಲಾಡಿಹುಳುವಿನ ಮರಿಗಳಿರುತ್ತವೆ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಮೊಟ್ಟೆಗಳು ಮಲದೊಂದಿಗೆ ಹೊರಬೀಳುತ್ತವೆ. ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಆ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ, ವರ್ಷಗಳ ಕಾಲ ಸದ್ದಿಲ್ಲದೆ ನಮ್ಮ ಪಿತ್ತಜನಕಾಂಗದಲ್ಲೂ ಶ್ವಾಸಕೋಶದಲ್ಲೂ ಅಂಥದೇ ಗುಳ್ಳೆ ಬೆಳೆಯುತ್ತದೆ. ಆದ್ದರಿಂದ ಕುರ್ಬಾನಿಯ ತ್ಯಾಜ್ಯವನ್ನು ಬೀದಿಗೆ, ಚರಂಡಿಗೆ, ನಾಯಿಗೆ ಎಸೆಯಬಾರದು. ಆಳವಾಗಿ ಹೂಳಬೇಕು, ಇಲ್ಲವೇ ಪಾಲಿಕೆಯ ವಾಹನಕ್ಕೆ ಕೊಡಬೇಕು. ಮಾಂಸದ ಅಂಗಡಿಯವರಿಗೆ ಇದು ದಿನನಿತ್ಯದ ಹೊಣೆ. ತುಂಡು ಬೀಳುವ ಕಡೆ ನಾಯಿ ಗುಂಪುಗೂಡುತ್ತದೆ. ಗುಂಪು ಕೂಡಿದ ಕಡೆ ಮಕ್ಕಳು ಕಡಿಸಿಕೊಳ್ಳುತ್ತಾರೆ.

ಪಾಲಕರಿಗೆ

"ನಾಯಿ ಮುಟ್ಟೀಯಾ? ಮನಿ ಒಳಗ ಬರಬ್ಯಾಡ" ಎಂಬ ಗದರಿಕೆ ನಮ್ಮ ಮನೆಗಳಲ್ಲಿ ಸಾಮಾನ್ಯ. ಆ ಗದರಿಕೆಗೆ ಹೆದರಿದ ಮಗು, ನಾಯಿಯ ಹಲ್ಲು ತಾಗಿದ್ದನ್ನು ಹೇಳದೆ ತೋಳು ಮುಚ್ಚಿಕೊಳ್ಳುತ್ತದೆ. ಗಾಯ ಎರಡು ದಿನದಲ್ಲಿ ಒಣಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಲಸಿಕೆ ಕೆಲಸ ಮಾಡುವ ಸಮಯ ಹೀಗೆ ಕಳೆದುಹೋಗುತ್ತದೆ. ಬಟ್ಟೆಯ ಅಶುದ್ಧಿ ನೀರಿನಿಂದ ಹೋಗುತ್ತದೆ, ಹೋದ ಜೀವ ಮರಳುವುದಿಲ್ಲ. ಇಂದೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ: ನಾಯಿ ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ ಮೊದಲು ನಮಗೆ ಹೇಳು, ಬೈಯುವುದಿಲ್ಲ. ಹೇಳಿದ ದಿನ ಮಾತಿಗೆ ತಪ್ಪಬೇಡಿ.