ದೊಡ್ಡ ಹೊಡೆತವಿಲ್ಲದೆ ಗೆದ್ದ ಬ್ರ್ಯಾಡ್ ಗಿಲ್ಬರ್ಟ್

ಟೆನಿಸ್ ಅಂದ್ರೆ ನಮಗೆ ಮೊದಲು ನೆನಪಾಗೋದು ಬಿರುಸಿನ ಸರ್ವ್, ಗೆರೆ ಸವರಿಕೊಂಡು ಹೋಗುವ ಫೋರ್‌ಹ್ಯಾಂಡ್. ಅಮೆರಿಕದ ಬ್ರ್ಯಾಡ್ ಗಿಲ್ಬರ್ಟ್ ಬಳಿ ಇಂಥ ದೊಡ್ಡ ಅಸ್ತ್ರ ಇರಲಿಲ್ಲ. ಆದರೂ ಅವರು 20 ಸಿಂಗಲ್ಸ್ ಪ್ರಶಸ್ತಿ ಗೆದ್ದರು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕಂಚು ಪಡೆದರು, 1990ರಲ್ಲಿ ವಿಶ್ವದ 4ನೇ ಸ್ಥಾನಕ್ಕೇರಿದರು. ಹೇಗೆ?

ನಾವು ಸರ್ಕ್ಯೂಟ್‌ನಲ್ಲಿ ದೋಷ ಹುಡುಕುವ ಹಾಗೆ ಅವರು ಎದುರಾಳಿಯ ಆಟವನ್ನು ಓದುತ್ತಿದ್ದರು. ಇವನಿಗೆ ಯಾವ ಹೊಡೆತ ಇಷ್ಟ? ಒತ್ತಡ ಬಂದಾಗ ಎಲ್ಲಿ ತಪ್ಪುತ್ತಾನೆ? ವೇಗ ಬೇಕೆನ್ನುವವನಿಗೆ ವೇಗವನ್ನೇ ಕೊಡದಿದ್ದರೆ ಏನಾಗುತ್ತೆ? 1993ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ವಿನ್ನಿಂಗ್ ಅಗ್ಲಿ’. ಆಟ ನೋಡೋಕೆ ಚಂದ ಇಲ್ಲದಿದ್ರೂ ಪರವಾಗಿಲ್ಲ, ಗೆಲ್ಲಬೇಕು!

ಆದರೆ ಈ ವಿಧಾನಕ್ಕೂ ಒಂದು ಮಿತಿ ಇತ್ತು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಗಿಲ್ಬರ್ಟ್ ಒಮ್ಮೆಯೂ ಕ್ವಾರ್ಟರ್ ಫೈನಲ್ ದಾಟಲಿಲ್ಲ.

1994ರಲ್ಲಿ ಅವರು ಆಂಡ್ರೆ ಅಗಾಸಿಯ ಕೋಚ್ ಆದರು. ಅಗಾಸಿಗೆ ಪ್ರತಿಭೆ ಧಾರಾಳವಾಗಿತ್ತು, ತಾಳ್ಮೆ ಇರಲಿಲ್ಲ. ಪ್ರತಿ ಚೆಂಡನ್ನೂ ಪರಿಪೂರ್ಣವಾಗಿ ಹೊಡೆಯುವ ಹಟ. ಗಿಲ್ಬರ್ಟ್ ಸಲಹೆಯ ತಿರುಳು ಇಷ್ಟೇ: ಜಗತ್ತಿಗೇ ಶ್ರೇಷ್ಠನಾಗಬೇಕಿಲ್ಲ, ಇವತ್ತು ನೆಟ್‌ನ ಆಚೆ ಇರುವ ಒಬ್ಬನಿಗಿಂತ ಚೆನ್ನಾಗಿ ಆಡಿದರೆ ಸಾಕು. ಅದೇ ವರ್ಷ ಶ್ರೇಯಾಂಕವಿಲ್ಲದೆ ಕಣಕ್ಕಿಳಿದ ಅಗಾಸಿ ಯುಎಸ್ ಓಪನ್ ಗೆದ್ದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1997ರ ನವೆಂಬರ್‌ನಲ್ಲಿ ಅಗಾಸಿ 141ನೇ ರ‍್ಯಾಂಕ್‌ಗೆ ಜಾರಿದರು. ಒಂದು ಕಾಲದ ನಂಬರ್ 1 ಆಟಗಾರ ಕೆಳಹಂತದ ಚಾಲೆಂಜರ್ ಟೂರ್ನಿಗಳಲ್ಲಿ ಆಡಿ, ಮತ್ತೆ ಮೆಟ್ಟಿಲು ಹತ್ತಬೇಕಾಯಿತು. ಗಿಲ್ಬರ್ಟ್ ಜೊತೆಗೇ ಇದ್ದರು. 1999ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಮೊದಲ ಎರಡು ಸೆಟ್ ಸೋತ ಅಗಾಸಿ ಕೊನೆಗೆ ಪಂದ್ಯ ಗೆದ್ದರು. ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಗೆದ್ದವರ ಪಟ್ಟಿಗೆ ಅವರ ಹೆಸರು ಸೇರಿತು.

2003ರ ಮಧ್ಯದಲ್ಲಿ ಆಂಡಿ ರಾಡಿಕ್ ಜೊತೆ ಸೇರಿದ ಗಿಲ್ಬರ್ಟ್, ಅವರ ಭಯಂಕರ ಸರ್ವ್ ಬಿಡಿಸಿ ತಮ್ಮಂತೆ ಆಡಿಸಲು ಹೋಗಲಿಲ್ಲ. ಕೆಲವೇ ತಿಂಗಳಲ್ಲಿ ರಾಡಿಕ್‌ಗೆ ಯುಎಸ್ ಓಪನ್ ಒಲಿಯಿತು. 20 ವರ್ಷಗಳ ನಂತರ, 2023ರಲ್ಲಿ, ಅದೇ ಟೂರ್ನಿ ಗೆದ್ದ 19ರ ಹರೆಯದ ಕೋಕೋ ಗಾಫ್ ತಂಡದಲ್ಲೂ ಗಿಲ್ಬರ್ಟ್ ಇದ್ದರು.

ಇದರಲ್ಲಿ ನಮಗೇನು ಪಾಠ? ಕ್ಲಾಸ್ ಟಾಪರ್ ಹತ್ತಿರ ಇರೋದು ನಮ್ಮ ಹತ್ತಿರ ಇಲ್ಲ ಅಂತ ಕೊರಗೋದು ಸುಲಭ. ಗಿಲ್ಬರ್ಟ್ ಶುರು ಮಾಡಿದ್ದು ಕೈಯಲ್ಲಿ ಇದ್ದದ್ದರಿಂದ. ಮುಂದಿನ ವೈವಾ ಅಥವಾ ಇಂಟರ್ವ್ಯೂಗೆ ಮುಂಚೆ ನಾವೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯೋಣ: ನಮಗೆ ಗಟ್ಟಿಯಾಗಿ ಗೊತ್ತಿರೋದು ಏನು, ಎಲ್ಲಿ ತಡವರಿಸ್ತೀವಿ, ಎದುರಿಗಿರುವವರು ಏನು ಕೇಳಬಹುದು. ತಯಾರಿ ಅಲ್ಲಿಂದ ಶುರುವಾಗಲಿ.