ವಾರ್ಡಿನ ಕಟ್ಟಳೆಗಳೂ ಅವುಗಳ ಕಾರಣಗಳೂ

ಸಂಜೆ ನಾಲ್ಕು ಗಂಟೆ. ಯಾವುದಾದರೊಂದು ದೊಡ್ಡ ಆಸ್ಪತ್ರೆಯ ವಾರ್ಡಿನ ಬಾಗಿಲನ್ನು ಕಲ್ಪಿಸಿಕೊಳ್ಳೋಣ. ಬಾಗಿಲು ತೆರೆದೊಡನೆ ಹೊರಗೆ ಕಾದಿದ್ದ ಜನ ಒಳಕ್ಕೆ ಬರುತ್ತಾರೆ. ಒಬ್ಬರ ಕೈಯಲ್ಲಿ ಎಳನೀರು, ಮತ್ತೊಬ್ಬರ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಬ್ಬರ ಚೀಲದಲ್ಲಿ ಮೊಸರನ್ನದ ಡಬ್ಬಿ. ಒಂದೇ ಮಂಚದ ಸುತ್ತ ಎಂಟು ಹತ್ತು ಮಂದಿ ನೆರೆಯುತ್ತಾರೆ. ಸ್ಥಳ ಸಾಲದೆ ಕೆಲವರು ಮಂಚದ ಮೇಲೆಯೇ ಕುಳಿತುಕೊಳ್ಳುತ್ತಾರೆ. ಆಗ ದಾದಿ ಬಂದು, “ಇಬ್ಬರು ಮಾತ್ರ ಇರಿ, ಮಂಚದ ಮೇಲೆ ಕೂರಬೇಡಿ, ಕೇಳದೆ ಏನನ್ನೂ ತಿನ್ನಿಸಬೇಡಿ” ಎನ್ನುತ್ತಾಳೆ. ಬಂದವರ ಮುಖ ಸಪ್ಪಗಾಗುತ್ತದೆ. ಅಷ್ಟು ದೂರದಿಂದ ಬಂದು, ನಮ್ಮವರನ್ನು ಮುಟ್ಟಿ ಮಾತನಾಡಿಸುವುದಕ್ಕೂ ಇವರ ಅಪ್ಪಣೆ ಬೇಕೆ ಎಂದು ಅವರು ತಮ್ಮತಮ್ಮಲ್ಲೇ ಗೊಣಗಿಕೊಳ್ಳುತ್ತಾರೆ.

ಈ ಅಸಮಾಧಾನ ಸಹಜವಾದುದೇ. ಕಾರಣ ತಿಳಿಯದ ಕಟ್ಟಳೆ ಯಾರಿಗೇ ಆಗಲಿ ದರ್ಪದಂತೆ ಕಾಣುತ್ತದೆ. ಆದರೆ ವಾರ್ಡಿನ ಕಟ್ಟಳೆಗಳಲ್ಲಿ ಬಹುಪಾಲು ಯಾರೋ ಅಧಿಕಾರಿಗಳು ಕುಳಿತು ಗೀಚಿದವಲ್ಲ. ಅನೇಕ ಜೀವಗಳ ಬೆಲೆ ತೆತ್ತು ವೈದ್ಯಶಾಸ್ತ್ರ ಕಲಿತ ಪಾಠಗಳು ಅವು. ಇಂದಲ್ಲ ನಾಳೆ ನಮ್ಮಲ್ಲಿ ಪ್ರತಿಯೊಬ್ಬರೂ ರೋಗಿಯಾಗಿಯೋ, ರೋಗಿಯ ಬಂಧುವಾಗಿಯೋ ವಾರ್ಡಿನ ಹೊಸಲನ್ನು ದಾಟಬೇಕಾದವರೇ. ಆದುದರಿಂದ ಆ ಕಟ್ಟಳೆಗಳಲ್ಲಿ ಮುಖ್ಯವಾದ ಕೆಲವನ್ನು ತೆಗೆದುಕೊಂಡು, ಅವುಗಳ ಹಿಂದಿರುವ ಕಾರಣಗಳನ್ನು ಇಲ್ಲಿ ವಿಚಾರಿಸೋಣ.

ಕೈ ಏಕೆ ತೊಳೆಯಬೇಕು?

ಮೊದಲನೆಯ ಪಾಠ ಆಸ್ಟ್ರಿಯ ದೇಶದ ವಿಯೆನ್ನಾ ನಗರದ್ದು. ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕೆಲಸ ಕಲಿಯುತ್ತಿದ್ದರು. ೧೮೪೬ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು ೧೧ ಮಂದಿ ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ ನೂರಕ್ಕೆ ಮೂವರೂ ಸಾಯಲಿಲ್ಲ. ಊರಿನ ಹೆಂಗಸರಿಗೆ ಈ ವಿಷಯ ತಿಳಿದಿತ್ತು. ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಅಂಗಲಾಚುತ್ತಿದ್ದರು.

ಅಲ್ಲಿ ಸಹಾಯಕ ವೈದ್ಯನಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬಾತ ಈ ವ್ಯತ್ಯಾಸದ ಮೂಲವನ್ನು ಹುಡುಕತೊಡಗಿದ. ಜನಸಂದಣಿಯೇ ಕಾರಣವೆನ್ನೋಣವೆಂದರೆ ಎರಡನೆಯ ವಿಭಾಗದಲ್ಲೇ ಸಂದಣಿ ಹೆಚ್ಚು. ಹವೆಯೆನ್ನೋಣವೆಂದರೆ ಎರಡಕ್ಕೂ ಒಂದೇ ಹವೆ. ಹೀಗಿರುವಾಗ ೧೮೪೭ರಲ್ಲಿ ಅವನ ಮಿತ್ರನಾದ ವೈದ್ಯನೊಬ್ಬ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚೂರಿ ತಗಲಿ ಗಾಯಗೊಂಡು, ಬಾಣಂತಿಯರ ಜ್ವರದಂಥದೇ ಲಕ್ಷಣಗಳಿಂದ ಸತ್ತುಹೋದ. ಸೆಮ್ಮೆಲ್‌ವೈಸನಿಗೆ ಒಗಟು ಒಡೆಯಿತು. ವಿದ್ಯಾರ್ಥಿಗಳು ಶವಗಳನ್ನು ಕೊಯ್ದ ಕೈಗಳಿಂದಲೇ ನೇರವಾಗಿ ಹೆರಿಗೆಯ ಮಂಚಕ್ಕೆ ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಮೇ ತಿಂಗಳ ನಡುವೆ ಅವನು ಬಾಗಿಲಲ್ಲಿ ಕ್ಲೋರಿನ್ ಬೆರೆತ ನೀರನ್ನಿಡಿಸಿ, ಕೈ ತೊಳೆಯದೆ ಯಾರೂ ಒಳಕ್ಕೆ ಹೋಗಕೂಡದೆಂದು ವಿಧಿಸಿದ. ಏಪ್ರಿಲ್‌ನಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನ್ ವೇಳೆಗೆ ನೂರಕ್ಕೆ ಸುಮಾರು ೨ಕ್ಕೆ ಇಳಿಯಿತು.

ರೋಗಾಣುಗಳ ವಿಚಾರವಾಗಿ ಪಾಶ್ಚರ್, ಕಾಖ್ ಮೊದಲಾದವರ ಶೋಧಗಳು ಇನ್ನೂ ಆಗದಿದ್ದ ಕಾಲ ಅದು. ಕೈಗಳಿಗೆ ಅಂಟಿ ಬಂದದ್ದೇನೆಂದು ಸೆಮ್ಮೆಲ್‌ವೈಸನಿಗೂ ತಿಳಿಯದು. ಅನೇಕ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಸಭ್ಯ ಗೃಹಸ್ಥರ ಕೈಗಳು ಸಾವನ್ನು ತರುತ್ತವೆಂಬ ಮಾತು ಅವರಿಗೆ ಅವಮಾನವಾಗಿ ತೋರಿತು. ೧೮೬೫ರಲ್ಲಿ ಅವನು ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡ.

ಆ ವೈದ್ಯರು ಕೆಟ್ಟವರಲ್ಲ, ರೋಗಿಗಳ ಹಿತವನ್ನೇ ಬಯಸಿದವರು ಎಂಬುದನ್ನು ನಾವು ಗಮನಿಸಬೇಕು. ಹಿತ ಬಯಸುವ ಕೈಯೂ ಅಹಿತವನ್ನು ಹೊತ್ತು ತರಬಲ್ಲದು. ನಮ್ಮ ಕೈ ಬಸ್ಸಿನ ಕಂಬಿಯನ್ನು ಹಿಡಿದಿರುತ್ತದೆ, ನೋಟುಗಳನ್ನು ಎಣಿಸಿರುತ್ತದೆ, ಮೊಬೈಲ್ ಫೋನನ್ನು ನೂರು ಸಲ ಮುಟ್ಟಿರುತ್ತದೆ. ಆರೋಗ್ಯವಂತರ ಚರ್ಮದ ಮೇಲೂ ಮೂಗಿನಲ್ಲೂ ನಿರುಪದ್ರವಿಯಾಗಿ ವಾಸಿಸುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯವೇ ಶಸ್ತ್ರಚಿಕಿತ್ಸೆಯ ಗಾಯವನ್ನು ಹೊಕ್ಕರೆ ಪ್ರಾಣಕ್ಕೆ ಎರವಾದೀತು. ಈ ಸಮಸ್ಯೆ ಹಳೆಯ ಕಾಲದ್ದೆಂದು ತಳ್ಳಿಬಿಡುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಸ್ಪತ್ರೆ ಸೇರಿದ ಪ್ರತಿ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ ೭ ಮಂದಿಗೂ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ೧೫ ಮಂದಿಗೂ ಆಸ್ಪತ್ರೆಯಲ್ಲೇ ಕನಿಷ್ಠ ಒಂದು ಹೊಸ ಸೋಂಕು ತಗಲುತ್ತದೆ.

ಆದುದರಿಂದ ರೋಗಿಯನ್ನು ಮುಟ್ಟುವ ಮೊದಲೂ, ಮುಟ್ಟಿದ ಮೇಲೂ, ಮಂಚವನ್ನೋ ಸುತ್ತಲಿನ ಸಾಮಾನನ್ನೋ ಮುಟ್ಟಿದ ಮೇಲೂ ಕೈಗಳನ್ನು ಶುದ್ಧಿಗೊಳಿಸಬೇಕು. ಬಾಗಿಲಲ್ಲಿ ಇಟ್ಟಿರುವ ಆಲ್ಕೊಹಾಲ್ ದ್ರವವನ್ನು ಬೆರಳ ಸಂದು, ಹೆಬ್ಬೆರಳು, ಉಗುರ ತುದಿಗಳಿಗೂ ತಗಲುವಂತೆ, ಅದು ಆರುವ ತನಕ, ಅಂದರೆ ಸುಮಾರು ೨೦ರಿಂದ ೩೦ ಸೆಕೆಂಡು ಉಜ್ಜಬೇಕು. ಆ ದ್ರವದಲ್ಲಿ ಆಲ್ಕೊಹಾಲ್ ಶೇಕಡಾ ೬೦ರಿಂದ ೮೦ರಷ್ಟಿರುತ್ತದೆ. ಪೂರ್ತಿ ಶುದ್ಧವಾದುದೇ ಇನ್ನೂ ಮೇಲಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಲ್ಲ; ರೋಗಾಣುವಿನ ಪ್ರೋಟೀನುಗಳ ರಚನೆ ಕೆಡಬೇಕಾದರೆ ನೀರಿನ ಅಂಶವೂ ಅವಶ್ಯಕ. ಕೈಯಲ್ಲಿ ಕೊಳೆ ಕಾಣುತ್ತಿದ್ದರೆ ಅಥವಾ ರೋಗಿಗೆ ಭೇದಿಯಾಗುತ್ತಿದ್ದರೆ ಆಲ್ಕೊಹಾಲ್ ಸಾಲದು. ಭೇದಿ ತರುವ ಕೆಲವು ಬ್ಯಾಕ್ಟೀರಿಯಗಳ ಗಟ್ಟಿ ಕವಚದ ಬೀಜಕಣಗಳು ಅದಕ್ಕೆ ಬಗ್ಗುವುದಿಲ್ಲ. ಅಂಥಲ್ಲಿ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆದು ಕಳೆಯುವುದೇ ದಾರಿ. ಇನ್ನು ನೆಗಡಿ, ಕೆಮ್ಮು, ಜ್ವರ ಇರುವವರು ವಾರ್ಡಿಗೆ ಹೋಗದಿರುವುದೇ ಅವರು ತೋರಬಹುದಾದ ಪ್ರೀತಿ.

ಬುತ್ತಿಯನ್ನು ಏಕೆ ತಡೆಯುತ್ತಾರೆ?

ರೋಗಿಗೆ ಉಣಿಸುವುದು ನಮ್ಮಲ್ಲಿ ಮಮತೆಯ ಮೊದಲ ಗುರುತು. ಅದಕ್ಕಾಗಿಯೇ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಶಸ್ತ್ರಚಿಕಿತ್ಸೆಯ ಬೆಳಗ್ಗೆ, “ಪಾಪ, ರಾತ್ರಿಯಿಂದ ಬರಿಹೊಟ್ಟೆ” ಎಂದು ಮರುಗಿ, ದಾದಿಯ ಕಣ್ಣು ತಪ್ಪಿಸಿ ಒಂದು ಲೋಟ ಕಾಫಿ ಕುಡಿಸುವವರುಂಟು. ಎಚ್ಚರದಲ್ಲಿರುವಾಗ ನಾವು ನುಂಗಿದ್ದು ಶ್ವಾಸನಾಳಕ್ಕೆ ಹೊರಳಿದರೆ ಕೆಮ್ಮು ಅದನ್ನು ಹೊರದೂಡುತ್ತದೆ. ಅರಿವಳಿಕೆ ಕೊಟ್ಟಾಗ ಈ ಕಾವಲು ಮಲಗಿಬಿಡುತ್ತದೆ. ಹೊಟ್ಟೆಯಲ್ಲಿರುವುದು ಮೇಲಕ್ಕೆ ಉಕ್ಕಿ, ಆಮ್ಲದೊಡನೆ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. ಸಾಮಾನ್ಯವಾಗಿ ಘನ ಆಹಾರಕ್ಕೂ ಹಾಲಿಗೂ ಕನಿಷ್ಠ ೬ ಗಂಟೆಗಳ, ತಿಳಿನೀರಿಗೆ ೨ ಗಂಟೆಗಳ ಬಿಡುವನ್ನು ವಿಧಿಸುತ್ತಾರೆ. ಹಾಲು ಬೆರೆತ ಕಾಫಿ ತಿಳಿನೀರಲ್ಲವೆಂಬುದನ್ನು ನೆನಪಿಡಬೇಕು. ಆಯಾ ರೋಗಿಗೆ ವೈದ್ಯರು ಹೇಳಿದ ಹೊತ್ತೇ ಪ್ರಮಾಣ. ಅರಿಯದೆ ಕುಡಿಸಿದ್ದಾದರೆ ನಾಚದೆ ಕೂಡಲೇ ತಿಳಿಸಬೇಕು. ಶಸ್ತ್ರಚಿಕಿತ್ಸೆ ಕೆಲವು ಗಂಟೆ ಮುಂದಕ್ಕೆ ಹೋಗಬಹುದು. ಮುಚ್ಚಿಟ್ಟರೆ ಆಗುವ ಕೇಡಿನ ಮುಂದೆ ಅದು ಏನೂ ಅಲ್ಲ.

ಎಳನೀರಿನ ವಿಷಯವೂ ಹೀಗೆಯೇ. ಅದರಲ್ಲೂ ಬಾಳೆಹಣ್ಣಿನಲ್ಲೂ ಪೊಟಾಸಿಯಂ ಹೇರಳವಾಗಿದೆ. ಆರೋಗ್ಯವಾದ ಮೂತ್ರಪಿಂಡಗಳು ಹೆಚ್ಚಾದುದನ್ನು ಹೊರಹಾಕುತ್ತವೆ. ಕೆಟ್ಟ ಮೂತ್ರಪಿಂಡಗಳಿಗೆ ಅದು ಸಾಧ್ಯವಿಲ್ಲ. ರಕ್ತದಲ್ಲಿ ಪೊಟಾಸಿಯಂ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಒಬ್ಬರಿಗೆ ಅಮೃತವಾದುದು ಪಕ್ಕದ ಮಂಚದವರಿಗೆ ವಿಷವಾಗಬಹುದು. ಕೇಳಿ ಕೊಡುವುದೇ ಕ್ಷೇಮ.

ಮಲಗಿರುವುದೆಲ್ಲ ವಿಶ್ರಾಂತಿಯೇ?

ರೋಗಿ ಅಲುಗಾಡದೆ ಮಲಗಿರಬೇಕೆಂಬುದು ಬಹುಕಾಲದ ನಂಬಿಕೆ. ೧೯೪೭ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಶರ್ ಎಂಬ ವೈದ್ಯ ಹಾಸಿಗೆಯ ಅಪಾಯಗಳನ್ನು ಕುರಿತೇ ಒಂದು ಲೇಖನ ಬರೆದು ಈ ನಂಬಿಕೆಯನ್ನು ಪ್ರಶ್ನಿಸಿದ. ೨೦೦೭ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರೋಗ್ಯವಂತರಾದ ಕೆಲವು ಹಿರಿಯರನ್ನು ೧೦ ದಿನ ಹಾಸಿಗೆಯಲ್ಲೇ ಇರಿಸಿ ನೋಡಿದಾಗ, ಅವರ ಕಾಲುಗಳು ಸರಾಸರಿ ಸುಮಾರು ಒಂದು ಕಿಲೊಗ್ರಾಮಿನಷ್ಟು ಮಾಂಸಲ ತೂಕವನ್ನು ಕಳೆದುಕೊಂಡಿದ್ದವು. ರೋಗವಿಲ್ಲದವರಿಗೇ ಹೀಗಾದರೆ ರೋಗಿಯ ಪಾಡೇನು?

ಸ್ನಾಯುಗಳದು ಒಂದು ನಷ್ಟ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದ ಕಡೆಗೆ ಒತ್ತುತ್ತವೆ. ಅವು ಸುಮ್ಮನಾದರೆ ರಕ್ತ ನಿಧಾನಿಸಿ ಹೆಪ್ಪುಗಟ್ಟಬಹುದು, ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ತಡೆಯೊಡ್ಡಬಹುದು. ಸೊಂಟ, ಹಿಮ್ಮಡಿಗಳ ಚರ್ಮ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ, ರಕ್ತ ದೊರೆಯದೆ ಹುಣ್ಣಾಗುತ್ತದೆ. ದಾದಿ ಬಂದು ನೋವಿದ್ದರೂ ಮಗ್ಗುಲು ಬದಲಿಸಿದಾಗ, ದೀರ್ಘವಾಗಿ ಉಸಿರೆಳೆಯಲು ಹೇಳಿದಾಗ, ಮೂರು ಹೆಜ್ಜೆ ನಡೆಯಿರೆಂದಾಗ, ಅದು ಕ್ರೌರ್ಯವಲ್ಲ, ಚಿಕಿತ್ಸೆಯೇ. ಆದರೆ ಅಪ್ಪಣೆಯಿಲ್ಲದೆ ಒಬ್ಬಂಟಿಯಾಗಿ ಏಳಬಾರದು. ಮಲಗಿದ್ದವರು ಥಟ್ಟನೆ ನಿಂತರೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಆಮೇಲೆ ಆಸರೆ ಹಿಡಿದು ನಿಲ್ಲಬೇಕು. ಬಂಧುಗಳು ನಿಜವಾಗಿ ನೆರವಾಗಬಹುದಾದುದು ಇಲ್ಲಿಯೇ.

ಸಲಕರಣೆಗಳನ್ನು ಮುಟ್ಟಬಾರದೇಕೆ?

ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುವ ಉಪ್ಪುನೀರಿನ ಪ್ರತಿ ಲೀಟರಿನಲ್ಲಿ ೯ ಗ್ರಾಂ ಉಪ್ಪಿರುತ್ತದೆ. ಬರಿಯ ನೀರನ್ನು ಬಿಟ್ಟರೆ ಅದು ಕೆಂಪು ರಕ್ತಕಣಗಳೊಳಕ್ಕೆ ನುಗ್ಗಿ ಅವು ಉಬ್ಬಿ ಒಡೆಯುತ್ತವೆ. ಹನಿಗಳ ವೇಗಕ್ಕೂ ಲೆಕ್ಕವುಂಟು. ಅರ್ಧ ಲೀಟರು ದ್ರಾವಣ ೪ ಗಂಟೆಗಳಲ್ಲಿ ಇಳಿಯಬೇಕೆನ್ನೋಣ. ಒಂದು ಮಿಲಿಲೀಟರಿಗೆ ೨೦ ಹನಿಗಳಾದರೆ ಒಟ್ಟು ೧೦,೦೦೦ ಹನಿ. ೨೪೦ ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಸುಮಾರು ೪೨ ಹನಿ. ಬೇಗ ಮುಗಿಯಲೆಂದು ಚಕ್ರವನ್ನು ಸಡಿಲಿಸಿದರೆ, ದುರ್ಬಲ ಹೃದಯದವರಲ್ಲಿ ಆ ನೀರು ಶ್ವಾಸಕೋಶಗಳಲ್ಲಿ ತುಂಬಿಕೊಂಡೀತು.

ಹಾಗೆಯೇ, ರೋಗಿಯ ತಲೆದಸೆಯಲ್ಲಿ ಊದುಬತ್ತಿ ಹಚ್ಚುವ ಭಕ್ತಿಯನ್ನು ಮನೆಯ ದೇವರಮನೆಗೆ ಮೀಸಲಿಡಬೇಕು. ಆಮ್ಲಜನಕ ತಾನು ಉರಿಯದು, ಆದರೆ ಉರಿಯುವುದನ್ನು ಉರಿಸುತ್ತದೆ. ಗಾಳಿಯಲ್ಲಿ ಅದು ಶೇಕಡಾ ೨೧ರಷ್ಟಿದೆ. ಕೊಳವೆಯಿಂದ ಸೋರಿ ಹಾಸಿಗೆಬಟ್ಟೆಗಳಲ್ಲಿ ಅದರ ಪ್ರಮಾಣ ಹೆಚ್ಚಿದಾಗ ಒಂದು ಕಿಡಿ ಸಾಕು. ಬೆರಳಿಗೆ ಸಿಕ್ಕಿಸುವ ಪುಟ್ಟ ಮಾಪಕವಾದರೋ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಎಷ್ಟೆಂದು ಅಳೆಯುತ್ತದೆ. ಉಗುರಿಗೆ ಬಣ್ಣವಿದ್ದರೆ ಅಥವಾ ಬೆರಳು ತಣ್ಣಗಿದ್ದರೆ ಲೆಕ್ಕ ತಪ್ಪಬಹುದು. ಯಂತ್ರ ಕೂಗಿಕೊಂಡರೆ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸದೆ ದಾದಿಯನ್ನು ಕರೆಯಬೇಕು.

ಹೇಳಬೇಕಾದುದು, ಕೇಳಬೇಕಾದುದು

“ನಿಮ್ಮ ಹೆಸರೇನು?” ಎಂದು ದಿನಕ್ಕೆ ಹತ್ತು ಸಲ ಕೇಳಿದರೆ ಬೇಸರಪಡಬಾರದು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರಿರುವುದು ಅಪರೂಪವೇನಲ್ಲ. ರಕ್ತದಲ್ಲಿ ಗುಂಪುಗಳಿವೆಯೆಂಬುದನ್ನು ೧೯೦೧ರಲ್ಲಿ ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ. ಒಬ್ಬರಿಗೆ ಗೊತ್ತುಮಾಡಿದ ರಕ್ತ ಬೇರೆ ಗುಂಪಿನ ಇನ್ನೊಬ್ಬರಿಗೆ ಹೋದರೆ ಗತಿಯೇನೆಂದು ಅಂದಿನಿಂದ ನಾವು ಬಲ್ಲೆವು. ಈ ಹಿಂದೆ ಯಾವ ಔಷಧಿ ಮೈಗೆ ಒಗ್ಗಲಿಲ್ಲ, ಈಗ ಯಾವ ಗುಳಿಗೆ, ಕಷಾಯ, ಲೇಹ್ಯಗಳನ್ನು ಸೇವಿಸುತ್ತಿದ್ದೇವೆ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಬೇಕು. ಇದು ಯಾವ ಔಷಧಿ, ಏತಕ್ಕಾಗಿ ಎಂದು ವಿನಯದಿಂದ ಕೇಳುವುದಕ್ಕೆ ರೋಗಿಗೆ ಹಕ್ಕಿದೆ. ಕೈ ಶುದ್ಧಿಯ ಮಾತನ್ನು ವೈದ್ಯರಿಗೂ ನೆನಪಿಸಬಹುದು. ಸೆಮ್ಮೆಲ್‌ವೈಸ್ ಮೊದಲು ಅದನ್ನು ಹೇಳಿದ್ದು ವೈದ್ಯರಿಗೇ ಅಲ್ಲವೇ?

ಈಗ ಮತ್ತೆ ನಾಲ್ಕು ಗಂಟೆಯ ಆ ಬಾಗಿಲಿಗೆ ಬರೋಣ. ಕಾಲೇಜಿನ ಹುಡುಗನೊಬ್ಬ ತನ್ನ ತಂದೆಯನ್ನು ನೋಡಲು ಬಂದಿದ್ದಾನೆ. ಬಂಧುಗಳೊಡನೆ ಮಾತಾಡಿ, ಇಬ್ಬಿಬ್ಬರಾಗಿ ಒಳಗೆ ಹೋಗುವಂತೆ ಒಪ್ಪಿಸುತ್ತಾನೆ. ಎಳನೀರನ್ನು ಕೊಡಬಹುದೇ ಎಂದು ದಾದಿಯನ್ನು ಕೇಳುತ್ತಾನೆ. ಕೈಗಳನ್ನು ಉಜ್ಜಿ, ಆರಿದ ಮೇಲೆ, ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು ತಂದೆಯ ಕೈ ಹಿಡಿದುಕೊಳ್ಳುತ್ತಾನೆ. ಮುಟ್ಟಿ ಮಾತನಾಡಿಸಲು ಯಾವ ಕಟ್ಟಳೆಯೂ ಅವನಿಗೆ ಅಡ್ಡಬರಲಿಲ್ಲ. ಆ ಕೈಯಿಂದ ತಂದೆಗೆ ಧೈರ್ಯ ಮಾತ್ರವೇ ದಾಟಲೆಂದು ಅವನು ಅರ್ಧ ನಿಮಿಷ ಬಾಗಿಲಲ್ಲಿ ನಿಂತನು, ಅಷ್ಟೆ.