‘ಕೊರೊನಾ ಬ್ಯಾಚಿನ ಡಾಕ್ಟ್ರಮ್ಮ’

ಪ್ರಶ್ನೆ: ನಾನು ತಿ. ನರಸೀಪುರ ತಾಲ್ಲೂಕಿನ ಹಳ್ಳಿಯವಳು. ಕೋವಿಡ್ ಜೋರಾಗಿದ್ದಾಗ ಬೋಧನಾ ಆಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ ಆಗಿದ್ದೆ. ಪಿಪಿಇ ಕಿಟ್ ತೊಟ್ಟು ಸ್ವ್ಯಾಬ್ ತೆಗೆದದ್ದು, ಆಕ್ಸಿಜನ್ ನೋಡಿಕೊಂಡದ್ದು ಬಿಟ್ಟರೆ ಬೇರೆ ಕಲಿತದ್ದು ಕಡಿಮೆ. ಹೆರಿಗೆ ವಾರ್ಡಿನ ಪೋಸ್ಟಿಂಗ್ ಅರ್ಧಕ್ಕೇ ನಿಂತಿತು. ಆಮೇಲೆ ಪಿ.ಜಿ.ಗೆ ಓದಿದೆ, ಸೀಟು ಸಿಗಲಿಲ್ಲ. ಈಗ ಗುತ್ತಿಗೆಯ ಮೇಲೆ ಸರ್ಕಾರಿ ಆಸ್ಪತ್ರೆಗೆ ಸೇರಿದ್ದೇನೆ. ಇಲ್ಲಿ ಹೆರಿಗೆಯೂ ಆಗುತ್ತದೆ. ರಾತ್ರಿ ಡ್ಯೂಟಿ ಇದ್ದರೆ ಮಧ್ಯಾಹ್ನದಿಂದಲೇ ಎದೆ ಡವಡವ. ಸಹೋದ್ಯೋಗಿಯೊಬ್ಬರು ತಮಾಷೆಗೆ ‘ಕೊರೊನಾ ಬ್ಯಾಚಿನ ಡಾಕ್ಟ್ರಮ್ಮ’ ಎಂದರು. ಅಂದಿನಿಂದ ಗೊತ್ತಿಲ್ಲದ್ದನ್ನು ಯಾರ ಹತ್ತಿರವೂ ಕೇಳುವುದಿಲ್ಲ. ಅಪ್ಪನಿಗೆ ಹೇಳಿದರೆ ‘ಡಾಕ್ಟರಾಗಿ ನೀನೇ ಹೆದರಿದರೆ ಹೆಂಗವ್ವ’ ಅನ್ನುತ್ತಾರೆ. ಕೆಲಸ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಆದರೆ ಕೇಳುವುದನ್ನು ನಿಲ್ಲಿಸಿದ್ದೀರಲ್ಲ, ಅದನ್ನು ಇವತ್ತಿನಿಂದಲೇ ಮತ್ತೆ ಶುರು ಮಾಡಿ. ನಿಮ್ಮ ಪತ್ರದಲ್ಲಿ ನನಗೆ ದಿಗಿಲು ಹುಟ್ಟಿಸಿದ್ದು ಆ ಒಂದು ಸಾಲು ಮಾತ್ರ. ಕೈ ಪಳಗದ ವೈದ್ಯರಿಂದ ಆಗುವ ಅಪಾಯಕ್ಕಿಂತ, ಪಳಗಿಲ್ಲವೆಂಬುದನ್ನು ಬಚ್ಚಿಡುವವರಿಂದ ಆಗುವ ಅಪಾಯ ದೊಡ್ಡದು.

‘ನಿಮಗೆ ಎಲ್ಲ ಗೊತ್ತು, ಧೈರ್ಯವಾಗಿರಿ’ ಎಂದು ಬೆನ್ನು ತಟ್ಟಿ ಕಳಿಸಲಾರೆ. ನಿಮ್ಮ ಕಲಿಕೆಯಲ್ಲಿ ಕೊರತೆ ಇರುವುದು ನಿಜ, ಅದು ಬಂದದ್ದು ಎಲ್ಲಿಂದ ಎನ್ನುವುದೂ ಗೊತ್ತಿದೆ. 2020ರ ಮಾರ್ಚ್ 26ರಂದು ಪಕ್ಕದ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ದೃಢಪಟ್ಟಿತು. ಕೆಲವೇ ವಾರಗಳಲ್ಲಿ ಆ ನಂಟಿನ ಪ್ರಕರಣ 70 ದಾಟಿದವು. ಸೋಂಕು ಹಬ್ಬಿದಂತೆ ಬೋಧನಾ ಆಸ್ಪತ್ರೆಗಳ ಹಾಸಿಗೆ, ವೈದ್ಯರು, ನರ್ಸುಗಳೆಲ್ಲ ಕೋವಿಡ್ ಕಡೆಗೆ ತಿರುಗಬೇಕಾಯಿತು. ಹರ್ನಿಯಾ, ಗರ್ಭಕೋಶದಂಥ ಕಾಯಬಹುದಾದ ಆಪರೇಷನ್ನುಗಳು ಮುಂದಕ್ಕೆ ಹೋದವು. ಬೋಧನಾ ಆಸ್ಪತ್ರೆಯಲ್ಲಿ ಪಾಠ ನಡೆಯುವುದೇ ಇಂಥ ದಿನನಿತ್ಯದ ರೋಗಿಗಳಿಂದ. ಅವರು ಬರುವುದು ನಿಂತ ದಿನ, ಪ್ರೊಫೆಸರು ಎದುರಿಗೇ ನಿಂತಿದ್ದರೂ ಪಾಠವಿಲ್ಲ.

ಅದರ ಮೇಲೆ, 2021ರ ಏಪ್ರಿಲ್ 18ಕ್ಕೆ ಆಗಬೇಕಿದ್ದ ನೀಟ್-ಪಿಜಿ ಪರೀಕ್ಷೆ ನಡೆದದ್ದು ಸೆಪ್ಟೆಂಬರ್ 11ಕ್ಕೆ. ಕೌನ್ಸೆಲಿಂಗ್ ಶುರುವಾಗುವಷ್ಟರಲ್ಲಿ ಮುಂದಿನ ವರ್ಷದ ಜನವರಿ. ಹೊಸ ಪಿ.ಜಿ. ವಿದ್ಯಾರ್ಥಿಗಳ ಒಂದು ಸಾಲೇ ವಾರ್ಡಿನಲ್ಲಿ ಇಲ್ಲವಾದಾಗ, ನಿಮ್ಮ ಕೈ ಹಿಡಿದು ಹೊಲಿಗೆ ಹಾಕಿಸುವ ಅಕ್ಕ-ಅಣ್ಣಂದಿರು ಎಲ್ಲಿಂದ ಬರಬೇಕು? ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. 2003ರಲ್ಲಿ ಸಾರ್ಸ್ ಬಂದಾಗ ಟೊರಾಂಟೊದ ವೈದ್ಯ ವಿದ್ಯಾರ್ಥಿಗಳಿಗೂ ವಾರ್ಡಿನ ಬಾಗಿಲು ಮುಚ್ಚಿತ್ತು.

ಹಾಗೆಂದು ನಿಮ್ಮ ಆ ವರ್ಷ ಪೂರ್ತಿ ನೀರುಪಾಲಾಗಿಲ್ಲ. ಮಾತು ತುಂಡಾಗುವಷ್ಟು ಏದುಸಿರು ಬಿಡುವವರನ್ನು ಬಾಗಿಲಲ್ಲೇ ಗುರುತಿಸಬಲ್ಲಿರಿ. 2021ರ ಮೇ 2 ಮತ್ತು 3ರಂದು ಚಾಮರಾಜನಗರದ ಬೋಧನಾ ಆಸ್ಪತ್ರೆಯಲ್ಲಿ 24 ರೋಗಿಗಳು ಪ್ರಾಣ ಬಿಟ್ಟರು, ಆಕ್ಸಿಜನ್ ಕೊರತೆ ರಾಜ್ಯಕ್ಕೆಲ್ಲ ಕಂಡಿತು. ಆ ಕಾಲದಲ್ಲಿ ಕೆಲಸ ಮಾಡಿದ ನೀವು ಡ್ಯೂಟಿಗೆ ಬಂದ ಕೂಡಲೇ ಸಿಲಿಂಡರಿನ ಮುಳ್ಳು ನೋಡುತ್ತೀರಿ ಎಂದುಕೊಂಡಿದ್ದೇನೆ. ಎಷ್ಟೋ ಹಿರಿಯರಿಗೆ ಆ ಅಭ್ಯಾಸವಿಲ್ಲ.

ಇನ್ನು ಹೆರಿಗೆ ಕೋಣೆ. ನಿಮ್ಮ ಹೆದರಿಕೆಯನ್ನು ಒಡೆದು ನೋಡಿದರೆ ಎರಡು ಗಳಿಗೆಗಳು ಸಿಗುತ್ತವೆ: ಮಗು ಹುಟ್ಟಿಯೂ ಅಳದಿದ್ದಾಗ, ತಾಯಿಗೆ ರಕ್ತಸ್ರಾವ ನಿಲ್ಲದಿದ್ದಾಗ. ಅಳದ, ಉಸಿರಾಡದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್-ಮಾಸ್ಕಿನಿಂದ ಉಸಿರು ಕೊಡಬೇಕು. ಇದನ್ನು ಓದಿ ಕಲಿಯಲಾಗದು. ಗೊಂಬೆಯ ಮೇಲೆ ಮಾಡಿ ಮಾಡಿ, ಎದೆ ಏಳುವುದು ಕಣ್ಣಿಗೆ ಕಾಣುವವರೆಗೂ ಕೈಗೆ ರೂಢಿಯಾಗಬೇಕು. ತಾಯಿಗೆ, ಮಗು ಹೊರಬಂದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ. ಅದು ಫ್ರಿಜ್ಜಿನಲ್ಲಿದೆಯೇ, ಅವಧಿ ಮುಗಿದಿದೆಯೇ, ಡ್ಯೂಟಿ ಶುರುವಿನಲ್ಲೇ ನೋಡಿ.

ಲೇಬರ್ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಇದ್ದೇ ಇರುತ್ತಾರೆ. ‘ಸಿಸ್ಟರ್, ನಾನು ಹೆರಿಗೆ ನೋಡಿದ್ದು ಕಡಿಮೆ, ಜೊತೆಗಿದ್ದು ತೋರಿಸಿಕೊಡಿ’ ಎಂದು ಬಾಯಿಬಿಟ್ಟು ಹೇಳಿ. ಎಂಬಿಬಿಎಸ್ ಆದವರಿಗೆ ಈ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಬಲ್ಲೆ. ಡ್ಯೂಟಿ ಇಲ್ಲದ ದಿನವೂ ಹಗಲು ಹೆರಿಗೆಗಳಿಗೆ ಹೋಗಿ ನಿಲ್ಲಿ. ಯಾವ ಸ್ಥಿತಿಯಲ್ಲಿ ತಡಮಾಡದೆ ಮೈಸೂರಿಗೆ ಕಳಿಸಬೇಕು, ಆ್ಯಂಬುಲೆನ್ಸ್ ಬರಲು ಎಷ್ಟು ಹೊತ್ತು, ಯಾರಿಗೆ ಫೋನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ತಮಾಷೆ ಮಾಡಿದವರಿಗೆ ಜಗಳವಿಲ್ಲದೆ ಒಂದೇ ಮಾತು ಸಾಕು: ‘ಹೌದು ಸಾರ್, ಅದೇ ಬ್ಯಾಚು. ನಿಮ್ಮ ಮುಂದಿನ ಕೇಸಿಗೆ ನನ್ನನ್ನೂ ಕರೆಯಿರಿ.’ ಅಪ್ಪನ ಮಾತಿಗೆ ಬೇಸರ ಪಡಬೇಡಿ. ಮಗಳ ಹೆದರಿಕೆ ಕಂಡು ಅವರೇ ಹೆದರಿರುತ್ತಾರೆ.

ಎದೆಬಡಿತದ ಜೊತೆಗೆ ನಿದ್ದೆಯೂ ಹೋಗಿದ್ದರೆ, ಆ ವರ್ಷದ ವಾರ್ಡು ಕನಸಿನಲ್ಲಿ ಬರುತ್ತಿದ್ದರೆ, ಅದು ತರಬೇತಿಯಿಂದ ಹೋಗುವಂಥದ್ದಲ್ಲ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರನ್ನೂ ಕಾಣಿ.

ಕೊನೆಗೆ, ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಕೆಲವು ವಾರ ತರಬೇತಿಗೆ ಕಳಿಸಿ ಎಂದು ನಿಮ್ಮ ಆಡಳಿತ ವೈದ್ಯಾಧಿಕಾರಿಯನ್ನು ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ‘ನೋಡೋಣಮ್ಮ’ ಎಂಬ ಉತ್ತರ ಬರಬಹುದು. ಅರ್ಜಿ ಬರೆದುಕೊಡಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.